ಅವನು ಕಂಬ ತಟ್ಟಿ ನೋಡಿದ್ದ

ನಮ್ಮ ಕೇರಿಯ ಬೆಳಕಿಗೂ ಕತ್ತಲೆಗೂ ಹೊಣೆ ಹೊತ್ತಿರುವ ಮಾನ್ಯರೇ,

ಸಂಜೆ ಐದೂವರೆ. ಬೆಳಿಗ್ಗೆ ಬಸ್ಸು ಹಿಡಿದು ಪೇಟೆಯ ನಿಮ್ಮ ಕಚೇರಿಗೆ ಹೋದೆ. ತನಿಖೆಯ ವರದಿಯ ಪ್ರತಿ ಕೈಗೆ ಬಂತು, ಅಲ್ಲೇ ನಿಂತು ಓದಿದೆ. ಮಧ್ಯಾಹ್ನ ಅಂಗಳದಲ್ಲಿ ಕೂತು ಇನ್ನೊಮ್ಮೆ ಓದಿದೆ, ಮತ್ತೊಮ್ಮೆ ಓದಿದೆ. ಒಣಹಾಕಿದ್ದ ಮೀನನ್ನು ಕಾಗೆ ಎತ್ತಿಕೊಂಡು ಹೋದದ್ದು ಕಾಣುತ್ತಿತ್ತು, ಏಳಬೇಕೆನಿಸಲಿಲ್ಲ. ಮೂರು ಗಂಟೆಯ ತನಕ ಇವತ್ತಿನ ದಿನ ಇಷ್ಟೇ. ಬೇರೆ ದಿನವಾಗಿದ್ದರೆ ಇದನ್ನು ಡೈರಿಯಲ್ಲಿ ಬರೆದು ಮುಚ್ಚಿಡುತ್ತಿದ್ದೆ. ಏಳನೇ ತರಗತಿ ಓದಿದವಳಿಗೆ ಅದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಇದುವರೆಗೆ ಬಂದಿರಲಿಲ್ಲ. ಇವತ್ತು ಬಂದಿದೆ. ನಿಮ್ಮ ವರದಿಯಲ್ಲಿ ಒಂದು ಸಾಲು ಸುಳ್ಳಿದೆ. ಹೋದ ಮೇ ತಿಂಗಳ ಕೊನೆಯಲ್ಲಿ ಬೀಜಾಡಿಯ ನಮ್ಮ ಕೇರಿಯಲ್ಲಿ ಕರೆಂಟಿನ ಕಂಬದ ಜೊತೆಗೇ ಬಿದ್ದು ಸತ್ತ ನನ್ನ ತಮ್ಮ ಪಾಂಡುವಿನ ಬಗ್ಗೆ ಅದು ಹೀಗೆ ಹೇಳುತ್ತದೆ: "ಸದರಿ ನೌಕರನು ಹತ್ತುವ ಮುನ್ನ ಕಂಬದ ಸುಸ್ಥಿತಿಯನ್ನು ಪರೀಕ್ಷಿಸಿರುವುದಿಲ್ಲ."

ಪರೀಕ್ಷಿಸಿದ್ದ. ನಾನು ಕೇಳಿಸಿಕೊಂಡಿದ್ದೇನೆ.

ಮೊದಲು ಆ "ಸದರಿ ನೌಕರ" ಎಂಬ ಮಾತಿಗೆ ನಿಮಗೆ ಕೃತಜ್ಞತೆ ಹೇಳಬೇಕು. ಪಾಂಡು ಬದುಕಿದ್ದಾಗ, ಮಳೆಗಾಲದಲ್ಲಿ ನಡುರಾತ್ರಿ ತಂತಿ ಕಡಿದರೆ ಓಡುತ್ತಿದ್ದಾಗ, ಅವನಿಗೊಂದು ಒಳ್ಳೆಯ ರೇನ್‌ಕೋಟು ಕೊಡಿ ಎಂದು ಕೇಳಿದರೆ ನಿಮ್ಮವರು "ಅವ ನಮ್ಮ ನೌಕರ ಅಲ್ಲ, ಕಂಟ್ರಾಕ್ಟಿನವ" ಎನ್ನುತ್ತಿದ್ದರು. ಸತ್ತ ಮೇಲೆ, ತಪ್ಪು ಹೊರಿಸುವುದಕ್ಕೆ ಒಬ್ಬ ನೌಕರ ಬೇಕಾದಾಗ, ಅವನಿಗೆ ಬಡ್ತಿ ಸಿಕ್ಕಿತು. ಇಷ್ಟು ಬೇಗ ಬಡ್ತಿ ಪಡೆದವರು ನಿಮ್ಮ ಇಲಾಖೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?

ಇನ್ನು ಆ ಕಂಬದ ವಿಷಯ. ವರದಿಯಲ್ಲಿ ಅದರ ಉದ್ದವಿದೆ, ನೆಟ್ಟ ವರ್ಷವಿದೆ. ಅದು ನಮ್ಮ ನಡುವೆ ಹೇಗಿತ್ತು ಎಂಬುದಿಲ್ಲ. ಕಡಲ ಬದಿಯ ನಮ್ಮ ಕೇರಿಯಲ್ಲಿ ಮೊದಲು ಇದ್ದದ್ದು ಕಬ್ಬಿಣದ ಕಂಬ. ಉಪ್ಪುಗಾಳಿಗೆ ಅದರ ಬುಡ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಆಮೇಲೆ ಸಿಮೆಂಟಿನ ಕಂಬ ಬಂತು. ಅದರ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಮೇಲಿನ ಸಿಮೆಂಟು ಬಿರಿದು, ದಾರಿಯಲ್ಲಿ ಹೋಗುವವರ ತಲೆಯ ಮೇಲೆ ಚೂರು ಬೀಳತೊಡಗಿತು. ಹದಿನೈದು ವರ್ಷದ ಹಿಂದೆ ಒಂದು ಲಾರಿಯಲ್ಲಿ ನಾಲ್ಕು ಮರದ ಕಂಬ ಬಂದವು. ಕಪ್ಪಗೆ, ನೇರವಾಗಿ, ಡಾಂಬರಿನ ಹಾಗೆ ವಾಸನೆ ಬರುತ್ತಿದ್ದವು. ಆಗಿನ ನಿಮ್ಮ ಅಧಿಕಾರಿಯೊಬ್ಬರು ಜೀಪಿನಿಂದ ಇಳಿದು, ಇದು ಮದ್ದು ಕುಡಿಸಿದ ಮರ, ಗೆದ್ದಲು ಮುಟ್ಟುವುದಿಲ್ಲ, ಉಪ್ಪು ತಾಗುವುದಿಲ್ಲ, ನಲವತ್ತು ವರ್ಷ ತಿರುಗಿ ನೋಡುವುದೇ ಬೇಡ ಎಂದರು. ಅಂದಿನಿಂದ ನಮ್ಮ ಕೇರಿಯಲ್ಲಿ ಅದರ ಹೆಸರು ಮದ್ದಿನ ಕಂಬ. ನಿಮ್ಮ ಕಚೇರಿ ಜನರಿಗೆ ಕೊಟ್ಟ ಮಾತುಗಳಲ್ಲಿ ಪೂರ್ತಿಯಾಗಿ ಉಳಿಸಿಕೊಂಡದ್ದು ಅದೊಂದನ್ನೇ. ತಿರುಗಿ ನೋಡಲಿಲ್ಲ.

ಮರದ ಮೇಲೆ ನನಗೆ ಸಿಟ್ಟಿಲ್ಲ. ನಾವು ಮರದ ಮೇಲೆ ಕೂತು ಕಡಲಿಗೆ ಹೋದವರ ಮಕ್ಕಳು. ಕಬ್ಬಿಣ ನಿಲ್ಲದ, ಸಿಮೆಂಟು ನಿಲ್ಲದ ಜಾಗದಲ್ಲಿ ಮರವನ್ನು ನೆಟ್ಟದ್ದು ಬುದ್ಧಿವಂತಿಕೆಯೇ. ಆದರೆ ಮರವೆಂದರೆ ವರ್ಷಕ್ಕೊಮ್ಮೆಯಾದರೂ ಯಾರಾದರೂ ಅದರ ಬುಡ ನೋಡಬೇಕು. ಮದ್ದು ಕೊಟ್ಟಾಯಿತು ಎಂದ ಮೇಲೆ ರೋಗಿಯ ಹತ್ತಿರ ಸುಳಿಯಬಾರದೆಂದು ಯಾವ ವೈದ್ಯ ಹೇಳುತ್ತಾನೆ?

ನಮ್ಮ ಅಪ್ಪ ಬಚ್ಚ ದೋಣಿ ಇಟ್ಟುಕೊಂಡಿದ್ದವರು. ಮಳೆಗಾಲ ಕಳೆದು ದೋಣಿಯನ್ನು ನೀರಿಗೆ ಇಳಿಸುವ ಮುಂಚೆ ಅದನ್ನು ಮರಳಿನ ಮೇಲೆ ಮಗುಚಿ ಹಾಕಿ, ಬೆರಳ ಗೆಣ್ಣಿನಿಂದ ಒಂದೊಂದೇ ಹಲಗೆಯನ್ನು ತಟ್ಟುತ್ತಿದ್ದರು. ತಟ್ಟಿ, ಕಿವಿ ಹತ್ತಿರ ತಂದು ಸುಮ್ಮನಿರುತ್ತಿದ್ದರು. ಗಟ್ಟಿ ಹಲಗೆ ಒಂದು ಥರ ಹೇಳುತ್ತದೆ, ಒಳಗೆ ಕೊಳೆತದ್ದು ಇನ್ನೊಂದು ಥರ. ನಾನೂ ಪಾಂಡುವೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆವು. "ಮರ ಸುಳ್ಳ್ ಹೇಳ್ತಿಲ್ಲೆ ಮಗಾ, ಕೇಂಬುಕೆ ಕೆಮಿ ಬೇಕ್" ಎನ್ನುತ್ತಿದ್ದರು. ಪಾಂಡುವಿಗೆ ಕಿವಿಯಿತ್ತು, ಹೊಟ್ಟೆ ಇರಲಿಲ್ಲ. ಅಳಿವೆ ದಾಟುವ ಮುಂಚೆಯೇ ವಾಂತಿ ಮಾಡುತ್ತಿದ್ದ. ಕೊನೆಗೆ ಕಡಲು ಬಿಟ್ಟು ಕಂಬ ಹತ್ತುವ ಕೆಲಸ ಹಿಡಿದ. ಪಕ್ಕದ ಮನೆಯ ಚಂದಣ್ಣ ಅವನನ್ನು ಕಂಡಾಗಲೆಲ್ಲ, "ಹ್ವಾಯ್, ನೀರಿಗ್ ಹೆದ್ರಿ ಆಕಾಶಕ್ ಹತ್ದವ ಬಂದ ಕಾಣಿ" ಎಂದು ಕೆಣಕುತ್ತಿದ್ದರು. ಪಾಂಡು ಬಿಡುವವನಲ್ಲ. "ನಿಮ್ಮ್ ದೋಣಿಗ್ ಲೈಟ್ ಬೇಕಾರೆ ನನ್ನ್ ಕರೂಕೇ ಬೇಕಲ್ದಾ ಚಂದಣ್ಣ" ಎನ್ನುತ್ತಿದ್ದ.

ಅಪ್ಪನ ದೋಣಿ ಹೋಯಿತು, ತಟ್ಟುವುದು ಪಾಂಡುವಿನ ಕೈಗೆ ಬಂತು. ಪ್ಲೈಯರಿನ ಹಿಂಬದಿಯಿಂದ ಕಂಬವನ್ನು ತಟ್ಟಿ, ಕಿವಿ ಕೊಟ್ಟು ಕೇಳದೆ ಅವನು ಮರದ ಕಂಬಕ್ಕೆ ಕಾಲಿಡುತ್ತಿರಲಿಲ್ಲ. ನಮ್ಮ ಮನೆಯೆದುರಿನ ಕಂಬವಾದರೆ ಅದರಲ್ಲಿ ಒಂದು ಆಟವೂ ಇತ್ತು. ತಟ್ಟಿ ಆದ ಮೇಲೆ ಕೇರಿಗೆಲ್ಲ ಕೇಳುವ ಹಾಗೆ "ಅಕ್ಕಾ, ಗಟ್ಟಿ ಇತ್ತ್!" ಎಂದು ಕೂಗುತ್ತಿದ್ದ. ನಾನು ಒಳಗಿನಿಂದ "ನಿನ್ ತಲಿಯಷ್ಟಾ?" ಎನ್ನುತ್ತಿದ್ದೆ. ಇಷ್ಟು ಆಗದೆ ಅವನು ಮೇಲೆ ಹೋಗುತ್ತಿರಲಿಲ್ಲ. ಇದು ನಿಮ್ಮ ಸುರಕ್ಷತಾ ಕೈಪಿಡಿಯಲ್ಲಿ ಇರಲಾರದು.

ಈಗ ನಮ್ಮ ಕೇರಿಯ ಪಾಲಿನ ಮಾತು. ಅದನ್ನು ಬಿಟ್ಟು ನಿಮ್ಮದನ್ನಷ್ಟೇ ಹೇಳಿದರೆ ನಾನೂ ಒಂದು ವರದಿ ಬರೆದ ಹಾಗಾಗುತ್ತದೆ. ಕಂಬ ಬಂದ ಮರುವರ್ಷವೋ ಅದರ ಮರುವರ್ಷವೋ ಮಳೆಗಾಲದಲ್ಲಿ ಕಡಲು ಉಕ್ಕಿ ದಾರಿಯ ತನಕ ಬಂತು. ಕಂಬದ ಬುಡ ವಾರಗಟ್ಟಲೆ ಉಪ್ಪುನೀರಿನಲ್ಲಿ ನಿಂತಿತು. ನಮ್ಮವರಿಗೆ ಮರವೆಂದರೆ ದೋಣಿ. ದೋಣಿಯನ್ನು ಮಳೆಗಾಲದಲ್ಲಿ ನೀರಲ್ಲಿ ಬಿಡುವವನನ್ನು ನಾವು ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. "ದೋಣಿನಾರೂ ಮೇಲ್ ಎಳ್ಕಂಬುಕ್ ಆತ್ತ್, ಕಂಬ ಎಳ್ಕಂಬುಕ್ ಆತ್ತಾ? ಬುಡಕ್ ಒಂದ್ ಕಟ್ಟೆ ಕಟ್ವ" ಎಂದರು ಚಂದಣ್ಣ. ಒಂದು ಭಾನುವಾರ ಗಂಡಸರೆಲ್ಲ ಸೇರಿ ಕೆಂಪುಕಲ್ಲು ತಂದು, ಕಂಬದ ಸುತ್ತ ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿ, ಮೇಲೆ ಸಿಮೆಂಟು ಹಾಕಿ ನುಣ್ಣಗೆ ಮಾಡಿದರು. ಪಾಂಡು ಕಲ್ಲು ಹೊತ್ತಿದ್ದ. ನಾವು ಹೆಂಗಸರು ಅವಲಕ್ಕಿ ಚಾ ಕೊಟ್ಟೆವು. ಮತ್ತೆ ಉಳಿದ ಮೂರು ಕಂಬಗಳಿಗೂ ಕಟ್ಟಿದರು. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಡುವುದು ಸರಿಯೇ?

ಕಂಬ ತಂಪಾಗಿರಲಿ, ಒಣಗಿರಲಿ, ಬಹುಕಾಲ ಬಾಳಲಿ ಎಂದೇ ಮಾಡಿದ್ದು. ಮದ್ದು ಮರದ ಹೊರಗಿನ ಎರಡು ಮೂರು ಬೆರಳಿನಷ್ಟಕ್ಕೆ ಮಾತ್ರ ಇಳಿದಿರುತ್ತದೆ, ಒಳಗಿನ ತಿರುಳಿಗೆ ಇಳಿದಿರುವುದಿಲ್ಲ ಎಂಬುದು ನಮಗೆ ತಿಳಿದದ್ದು ಪಾಂಡು ಹೋದ ಮೇಲೆ. ಮರಕ್ಕೂ ಸಿಮೆಂಟಿಗೂ ನಡುವಿನ ಸಂದಿಯಿಂದ ಮಳೆನೀರು ಒಳಗೆ ಇಳಿಯುತ್ತದೆ, ಹೊರಗೆ ಬರಲು ಅದಕ್ಕೆ ದಾರಿಯಿಲ್ಲ. ನಾವು ಕಡಲನ್ನು ಹೊರಗೆ ನಿಲ್ಲಿಸಿ ಮಳೆಯನ್ನು ಒಳಗೆ ಕೂಡಿಹಾಕಿದ್ದೆವು. ನಮಗೆ ಗೊತ್ತಿರಲಿಲ್ಲ, ಸರಿ. ನಿಮಗೆ? ಕಟ್ಟೆ ಕಟ್ಟಿದ ವರ್ಷವೇ ನಿಮ್ಮ ಜೀಪು ಬಂದಿತ್ತು. ಜೀಪಿನಲ್ಲಿ ಬಂದವರು ಅದೇ ಕಟ್ಟೆಯ ಮೇಲೆ ಕೂತು ಬೊಂಡದ ಎಳನೀರು ಕುಡಿದು, ಎಲ್ಲಾ ಊರಿನವರಿಗೂ ನಿಮ್ಮಂಥ ಕಾಳಜಿ ಇರಬೇಕು ಎಂದು ಹೊಗಳಿದ್ದರು. ಬಿಲ್ಲು ಕೊಡಲು ಬರುವವರು ತಿಂಗಳು ತಿಂಗಳೂ ಅಲ್ಲಿ ಕೂತು ಬೆವರು ಒರೆಸಿಕೊಂಡಿದ್ದಾರೆ. ನಿಮ್ಮವರು ಅದಕ್ಕೆ ಹಳದಿ ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಹದಿಮೂರು ಹದಿನಾಲ್ಕು ವರ್ಷ ಆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರಿಗಾದರೂ, ಇದರ ಕೆಳಗೆ ಏನಾಗುತ್ತಿರಬಹುದು ಎಂದು ಅನಿಸಲಿಲ್ಲ. ಅನಿಸುವುದಕ್ಕೆ ಸಂಬಳ ಪಡೆಯುವವರಿಗೂ ಅನಿಸಲಿಲ್ಲ.

ಆ ದಿನ ಶುಕ್ರವಾರ. ಹಳೆಯ ತಂತಿ ಇಳಿಸಿ ಹೊಸದು ಎಳೆಯುವ ಕೆಲಸ. ಮಳೆಗಾಲಕ್ಕೆ ಮುಂಚೆ ಮುಗಿಯಬೇಕೆಂದು ನಿಮ್ಮ ಅವಸರ. ಪಾಂಡು ಬೆಳಿಗ್ಗೆ ಹೊರಡುವಾಗ, "ಅಕ್ಕ, ಮಧ್ಯಾಹ್ನ ಊಟಕ್ ಇಲ್ಲಿಗೇ ಬತ್ತೆ. ಮೀನ್ ಎಂತ ಇತ್ತ್?" ಎಂದ.

"ಬಂಗುಡೆ ಇತ್ತ್. ಗಂಜಿ ಉಂಡ್ಕಂಡ್ ಹೋಗ್. ನಿನ್ ಕಂಬ ಓಡಿ ಹೋತಿಲ್ಲೆ."

"ಓಡುದಿಲ್ಲೆ ಅಕ್ಕ, ನಾನೇ ಕಟ್ಟೆ ಕಟ್ಟಿ ಕಟ್ಟಿ ಹಾಕಿದೆ ಅಲ್ದಾ" ಎಂದು ನಗುತ್ತಾ ಹೋದ.

ಅವನ ಜೊತೆಗಾರ ರತೀಶ ತಂತಿಯ ಇನ್ನೊಂದು ತುದಿಯಲ್ಲಿ, ದೊಡ್ಡ ರಸ್ತೆಯ ಹತ್ತಿರ ಇದ್ದ. ಹಾಗಾಗಿ ಅವನಿಗೆ ಏನೂ ಕೇಳಿಸಿಲ್ಲ, ಅವನು ಹಾಗೆಯೇ ಹೇಳಿಕೆ ಕೊಟ್ಟಿದ್ದಾನೆ. ನಾನು ಅಂಗಳದಲ್ಲಿ ಚಾಪೆಯ ಮೇಲಿನ ಮೀನು ಮಗುಚಿ ಹಾಕುತ್ತಿದ್ದೆ. ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಬದಿಯಿಂದ ಮತ್ತೆ. ಒಳ್ಳೆಯ ಶಬ್ದ, ಅಪ್ಪನಾಗಿದ್ದರೂ ಒಪ್ಪುತ್ತಿದ್ದರು. "ಅಕ್ಕಾ, ಗಟ್ಟಿ ಇತ್ತ್!" ಎಂದ. "ನಿನ್ ತಲಿಯಷ್ಟಾ?" ಎಂದೆ. ನಕ್ಕದ್ದು ಕೇಳಿತು. ಹತ್ತಿದ.

ಕಟ್ಟೆಯ ಮೇಲೆ ನಿಂತು ತಟ್ಟಿದರೆ ಕಟ್ಟೆಯ ಮೇಲಿನ ಮರ ಮಾತಾಡುತ್ತದೆ. ಅದು ನಿಜವಾಗಿಯೂ ಗಟ್ಟಿಯಾಗಿತ್ತು. ದೋಣಿಯನ್ನಾದರೆ ಮಗುಚಿ ಹಾಕಿ ಅಡಿ ತಟ್ಟಬಹುದು. ಕಂಬದ ಅಡಿಯನ್ನು ಹೇಗೆ ತಟ್ಟುವುದು, ಅದೂ ನಾವೇ ಕಲ್ಲು ಸಿಮೆಂಟಿನಲ್ಲಿ ಹುಗಿದಿಟ್ಟದ್ದನ್ನು? ಅಪ್ಪ ಹೇಳಿದ್ದು ಸುಳ್ಳಲ್ಲ. ಮರ ಸುಳ್ಳು ಹೇಳಲಿಲ್ಲ. ತಟ್ಟಿದ ಜಾಗದ ಮಟ್ಟಿಗೆ ಅದು ನಿಜವನ್ನೇ ಹೇಳಿತು.

ಮೇಲೆ ಹೋಗಿ ಬೆಲ್ಟು ಸುತ್ತಿ ಒಂದು ಬದಿಯ ತಂತಿ ಬಿಚ್ಚಿದ. ಏನೂ ಆಗಲಿಲ್ಲ. ಇನ್ನೊಂದು ಬದಿಯದ್ದು ಬಿಚ್ಚಿದ. ಮಾನ್ಯರೇ, ಆಮೇಲೆ ತಿಳಿಯಿತು, ಎಷ್ಟೋ ವರ್ಷದಿಂದ ಆ ಕಂಬ ತಂತಿಯನ್ನು ಹೊತ್ತಿರಲಿಲ್ಲ. ತಂತಿಯೇ ಕಂಬವನ್ನು ಹಿಡಿದು ನಿಲ್ಲಿಸಿತ್ತು. ಮುರಿದ ಶಬ್ದ ಬರಲಿಲ್ಲ. ದೋಣಿ ಮಗುಚುವ ಹಾಗೆ ಮೆಲ್ಲಗೆ ವಾಲಿತು. ಅವನಿಗೆ ಹಾರಲು ಸಮಯ ಇತ್ತು. ನಾನು ನೋಡುತ್ತಿದ್ದೆ, ಖಂಡಿತ ಇತ್ತು. ಬೆಲ್ಟು ಇದ್ದದ್ದರಿಂದ ಹಾರಲು ಆಗಲಿಲ್ಲ. "ಸುರಕ್ಷತಾ ಬೆಲ್ಟನ್ನು ಸರಿಯಾಗಿ ಧರಿಸಿದ್ದು ಕಂಡುಬಂದಿದೆ" ಎಂದು ನಿಮ್ಮ ವರದಿ ಮೆಚ್ಚಿಕೊಂಡಿದೆ. ಹೌದು. ತುಂಬ ಸರಿಯಾಗಿ ಧರಿಸಿದ್ದ.

ತಂತಿ ಬಿಚ್ಚುವ ಮುಂಚೆ ಕಂಬದ ತಲೆಗೆ ಮೂರು ಕಡೆಯಿಂದ ಹಗ್ಗ ಕಟ್ಟಿ ಎಳೆದು ನಿಲ್ಲಿಸಬೇಕಂತೆ. ನಿಯಮ ಇದೆಯಂತೆ. ಹಗ್ಗವನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ. ಮೀನುಗಾರರ ಕೇರಿ ಇದು. ಹಗ್ಗವಿಲ್ಲದ ಮನೆ ನಮ್ಮಲ್ಲಿ ಒಂದೂ ಇಲ್ಲ. ನಮ್ಮ ಜಗಲಿಯಲ್ಲೇ ಬಲೆಯ ಹಗ್ಗ ಸುರುಳಿ ಸುತ್ತಿ ಬಿದ್ದಿತ್ತು. ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

ಮೂರನೆಯ ದಿನ, ಎಲ್ಲರೂ ಹೋದ ಮೇಲೆ, ನಾನು ಆ ಕಟ್ಟೆಯ ಹತ್ತಿರ ಹೋದೆ. ಕಂಬ ಕಟ್ಟೆಯ ಮಟ್ಟಕ್ಕೆ ಸರಿಯಾಗಿ ಮುರಿದಿತ್ತು. ಸುತ್ತ ಗಟ್ಟಿ ಕಪ್ಪು ಸಿಪ್ಪೆ, ನಡುವೆ ತೂತು. ಕೈ ಹಾಕಿದೆ. ಮೊಣಕೈ ತನಕ ಹೋಯಿತು. ಒಳಗೆ ಒದ್ದೆಯಾಗಿ, ತಣ್ಣಗೆ, ಹೊಗೆಸೊಪ್ಪಿನ ಪುಡಿಯ ಹಾಗೆ ಇತ್ತು. ಹಿಡಿಯಲ್ಲಿ ಬಂತು. ನಿಮ್ಮ ತನಿಖೆಯವರು ಕಂಬದ ಫೋಟೋ ತೆಗೆದರು, ಕಟ್ಟೆಯ ಫೋಟೋ ತೆಗೆದರು, ಕೈ ಹಾಕಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಈಗ ಅಲ್ಲಿಂದ ಹತ್ತು ಮಾರು ದೂರದಲ್ಲಿ ಹೊಸ ಕಂಬ ನೆಟ್ಟಿದ್ದೀರಿ. ಪಾಂಡುವಿನ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಕೇರಿಯ ಹುಡುಗರು ಅದಕ್ಕೇ ಕಟ್ಟಿದ್ದರು. ಬೇರೆ ಎಲ್ಲಿ ಕಟ್ಟುವುದು? ಮಳೆಗಾಲದ ಗಾಳಿಗೆ ಅದು ಹರಿದು, ಅವನ ಮುಖದ ಅರ್ಧ ಬಹಳ ದಿನ ಪಟಪಟನೆ ಬಡಿದುಕೊಳ್ಳುತ್ತಿತ್ತು. ಮುರಿದ ಹಳೆಯ ಕಂಬ ಗಾಳಿಮರಗಳ ಕೆಳಗೆ ಬಿದ್ದುಕೊಂಡಿದೆ. ಅದನ್ನು ಎತ್ತಿಕೊಂಡು ಹೋಗಿ ಎಂದು ಕೇರಿಯವರು ನಿಮಗೆ ಅರ್ಜಿ ಕೊಟ್ಟಿದ್ದಾರೆ. ನಾನು ಸಹಿ ಹಾಕಿಲ್ಲ. ಬಿಸಿಲು ಏರಿದಾಗ ಅದರಿಂದ ಡಾಂಬರಿನ ವಾಸನೆ ಏಳುತ್ತದೆ. ಪಾಂಡುವಿನ ಅಂಗಿಗಳಿಗೆ ಇದ್ದದ್ದು ಅದೇ ವಾಸನೆ. ಅಂಗಿಗಳನ್ನು ಮೈಲಿಗೆಯೆಂದು ಆವಾಗಲೇ ಒಗೆದುಬಿಟ್ಟೆ. ಈಗ ಮಧ್ಯಾಹ್ನದ ಹೊತ್ತು ಬಾಗಿಲು ತೆರೆದಿಟ್ಟು ಕೂರುತ್ತೇನೆ. ಅವನನ್ನು ಕೊಂದ ಕಂಬದಿಂದಲೇ ಅವನ ವಾಸನೆ ಬರಬೇಕಾಗಿದೆ, ಇದಕ್ಕೆ ಏನು ಹೇಳುತ್ತೀರಿ?

ಶಬ್ದವೂ ಹೋಗಿಲ್ಲ. ಪಕ್ಕದ ಮನೆಯಲ್ಲಿ ತೆಂಗಿನಕಾಯಿ ಒಡೆದರೆ, ಯಾರಾದರೂ ಗೂಟ ಬಡಿದರೆ, ನನ್ನ ಬಾಯಿ ತಾನಾಗಿಯೇ ತೆರೆಯುತ್ತದೆ. ಉತ್ತರ ಹೇಳಬೇಕಲ್ಲ. ಹೇಳಿಬಿಟ್ಟರೆ ಅವನು ಹತ್ತುತ್ತಾನೆ ಎಂದು ನೆನಪಾಗಿ ಮುಚ್ಚಿಕೊಳ್ಳುತ್ತೇನೆ. ಬಸ್ಸಿಗೆ ಹೋಗುವ ದಾರಿಯಲ್ಲಿ ಕಂಬ ಕಂಡರೆ ತಟ್ಟುತ್ತೇನೆ. ಮೊದಮೊದಲು ಜನ ನೋಡುತ್ತಿದ್ದರು. ಈಗ ನಮ್ಮ ಕೇರಿಯಲ್ಲಿ ಬೇರೆಯವರೂ ತಟ್ಟುತ್ತಾರೆ. ಯಾರೂ ಏಕೆಂದು ಹೇಳುವುದಿಲ್ಲ. ಕತ್ತಲಾಗುವ ಹೊತ್ತಿಗೆ ದಾರಿಯುದ್ದಕ್ಕೂ ಒಬ್ಬೊಬ್ಬರಾಗಿ ಮನೆಗೆ ಬರುವುದು ಆ ಶಬ್ದದಿಂದಲೇ ಗೊತ್ತಾಗುತ್ತದೆ.

ಇವತ್ತು ಬೆಳಿಗ್ಗೆ ನಿಮ್ಮ ಕಚೇರಿಯಲ್ಲಿ ಕಿಟಕಿಯ ಆಚೆ ಕೂತವರಿಗೆ ಇದನ್ನೇ ಹೇಳಿದೆ. "ಈ ಸಾಲ್ ಸುಳ್ಳ್ ಮಾರಾಯ್ರೆ. ಅವ ತಟ್ಟಿದ್ದ್ ನಾನ್ ಕೇಂಡಿದೆ."

"ಅಮ್ಮ, ವರದಿ ಮೇಲಕ್ಕೆ ಹೋಗಿಯಾಗಿದೆ. ಈಗ ತಿದ್ದಲಿಕ್ಕೆ ಬರುವುದಿಲ್ಲ."

"ಅವ ಹತ್ತುವತಿಗೆ ಅಲ್ಲಿ ಇದ್ದದ್ದ್ ನಾನೊಬ್ಳೇ. ನನ್ನ್ ಯಾರೂ ಕೇಂಬುಕೇ ಬರ್ಲಿಲ್ಲೆ."

"ನೀವು ಕೇಳಿಸಿಕೊಂಡದ್ದಕ್ಕೆ ಸಾಕ್ಷಿ ಬೇಕಲ್ಲ ಅಮ್ಮ. ನೀವು ಮನೆಯವರು ಬೇರೆ."

ಸತ್ಯ. ಶಬ್ದಕ್ಕೆ ಮೊಹರು ಹಾಕಿಸಿ ಇಟ್ಟುಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ಆದರೆ ಒಂದು ಕೇಳುತ್ತೇನೆ. ಅವನು ತಟ್ಟಲಿಲ್ಲ ಎಂಬುದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಯಾವುದು? ರಸ್ತೆಯ ಬಳಿ ಇದ್ದವನಿಗೆ ಕೇಳಿಸಲಿಲ್ಲ ಎಂಬುದೇ? ಹಾಗಾದರೆ ಪೇಟೆಯಲ್ಲಿ ಕೂತ ನಿಮಗೆ ನಮ್ಮ ಕಡಲಿನ ಸದ್ದು ಕೇಳುವುದಿಲ್ಲ, ಕಡಲೇ ಇಲ್ಲವೆಂದು ಬರೆಯುತ್ತೀರಾ? ಅದೇ ವರದಿಯ ಎರಡನೆಯ ಪುಟದಲ್ಲಿ, "ಕಂಬವು ಸಂಸ್ಕರಿತ ಮರದ್ದಾಗಿದ್ದು ಸೇವಾವಧಿಯೊಳಗಿತ್ತು ಹಾಗೂ ಮೇಲ್ನೋಟಕ್ಕೆ ಸುಸ್ಥಿತಿಯಲ್ಲಿತ್ತು" ಎಂದಿದೆ. ಮೇಲ್ನೋಟಕ್ಕೆ ಸುಸ್ಥಿತಿಯಲ್ಲಿ ಇತ್ತು ಎಂಬುದು ನಿಮಗೆ ಬಿಡುಗಡೆ, ಅವನಿಗೆ ಮಾತ್ರ ಅಪರಾಧ. ಒಂದೇ ಕಂಬ ಎರಡು ಪುಟದಲ್ಲಿ ಎರಡು ಥರ ನಿಲ್ಲುವುದು ಹೇಗೆ? ನಿಮ್ಮನ್ನೇ ಕೇಳೋಣವೆಂದು ನಿಮ್ಮ ಬಾಗಿಲಿನ ತನಕ ಬಂದೆ. ನೀವು ಮೀಟಿಂಗಿನಲ್ಲಿದ್ದೀರಿ ಎಂದರು. ಬಾಗಿಲು ಮರದ್ದು. ತಟ್ಟಿದೆ. ಗಟ್ಟಿಯಾಗಿತ್ತು.

ಇದು ನನ್ನ ತಮ್ಮನ ಮರ್ಯಾದೆಯ ಪ್ರಶ್ನೆ ಮಾತ್ರವಾಗಿದ್ದರೆ ನಾನು ಮೆಲ್ಲಗೆ ಬರೆಯುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ರತೀಶನ ಹೆಂಡತಿ ವಿನಯಾ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಮೆಟ್ಟಿಲಲ್ಲೇ ನಿಂತಳು.

"ಸರೋಜಕ್ಕ, ನಾಳೆ ಇವ್ರಿಗೆ ಮೀನ್ ಒಣ್ಸುವ ಬಯಲಿನ್ ಕಂಬ."

"ಯಾವ್ದ್, ಮದ್ದಿನ್ ಕಂಬವಾ?"

"ಹೌದ್. ತಂತಿ ಬಿಚ್ಚುದ್. ಬುಡ ಕಾಂಬ ಅಂದ್ರೆ, ಆಫೀಸಿನವ್ರ್ ಎಂತಕ್ ಅಂದ್ರಂಬ್ರ್. ಕಂಬ ಸಮ ಇತ್ತ್ ಅಂದ್ ವರದಿಯಲ್ಲೇ ಬರ್ದಿತ್ತ್ ಅಂಬ್ರ್. ಪಾಂಡಣ್ಣ ತಟ್ಟದೇ ಹತ್ತಿ ಬಿದ್ದದ್ದ್, ನೀ ತಟ್ಟಿ ಹತ್ತ್ ಅಂದ್ರಂಬ್ರ್."

"ರತೀಶ ಆತಿಲ್ಲೆ ಅಂದ್ ಹೇಳುಕಾಗ್ದಾ?"

"ಆತಿಲ್ಲೆ ಅಂದ್ರೆ ನಾಳಿಂದ ಬಪ್ಪುದೇ ಬ್ಯಾಡ ಅಂತ್ರ್. ಒಂದ್ ಮಾತ್ ಹೇಳ್ತೆ ಅಕ್ಕ, ಬೇಜಾರ್ ಮಾಡ್ಕಣ್ಬೇಡಿ. ಪಾಂಡಣ್ಣ ತಟ್ಟಿದ್ದ್ ನಿಜವಾ?"

"ನಿಜ."

"ತಟ್ಟಿಯೂ ಬಿದ್ದನಾ?"

"ಹೌದೇ."

ಅವಳು ಒಂದು ಮೆಟ್ಟಿಲು ಇಳಿದಳು. "ತಟ್ಟದೇ ಬಿದ್ದದ್ದ್ ಅಂದಿದ್ರೇ ನಂಗ್ ಧೈರ್ಯ ಇರ್ತಿತ್ತ್" ಎಂದಳು. ಹೋದಳು.

ನೋಡಿ ಮಾನ್ಯರೇ, ನಿಮ್ಮ ಒಂದು ಸಾಲಿನ ಕೆಲಸ. ಪಾಂಡು ತಟ್ಟಲಿಲ್ಲ ಎಂದಾದರೆ ಕಂಬದ ತಪ್ಪಿಲ್ಲ. ಕಂಬದ ತಪ್ಪಿಲ್ಲ ಎಂದಾದರೆ ಉಳಿದ ಮೂರು ಕಂಬಗಳೂ ಗಟ್ಟಿ. ಮೂರೂ ಗಟ್ಟಿ ಎಂದಾದರೆ ರತೀಶ ನಾಳೆ ತಟ್ಟಬಹುದು, ಒಳ್ಳೆಯ ಶಬ್ದ ಕೇಳಬಹುದು, ಹತ್ತಬಹುದು, ತಂತಿ ಬಿಚ್ಚಬಹುದು. ಅದೇ ಲಾರಿಯಲ್ಲಿ ಬಂದ ಕಂಬ, ಅದೇ ಜನ ಕಟ್ಟಿದ ಕಟ್ಟೆ, ಅದೇ ಮಳೆ. ಆ ಸಾಲನ್ನು ಬರೆದವರು ನನ್ನ ತಮ್ಮನ ಬಗ್ಗೆ ಬರೆದಿದ್ದೇವೆ ಎಂದುಕೊಂಡಿರಬಹುದು. ಅವರು ಬರೆದದ್ದು ರತೀಶನ ಬಗ್ಗೆ.

ನಾಲ್ಕು ಗಂಟೆಗೆ ಚಂದಣ್ಣ ಬಂದರು. ವಿನಯಾ ಅವರಿಗೂ ಹೇಳಿದ್ದಳು. ಮೇ ತಿಂಗಳಿನಿಂದ ಅವರು ಯಾವ ಕಟ್ಟೆಯ ಮೇಲೂ ಕೂತಿಲ್ಲ. ಚಾ ಕೊಟ್ಟರೂ ನಿಂತೇ ಕುಡಿಯುತ್ತಾರೆ. ಕೆಣಕುವ ಮಾತೂ ಹೋಗಿದೆ. ನಾನು ವರದಿಯ ಆ ಸಾಲನ್ನು ಓದಿ ಹೇಳಿದೆ. ತಲೆ ತಗ್ಗಿಸಿ ಕೇಳಿದರು.

"ಸರೋಜ, ಕಟ್ಟುವತಿಗೆ ನಾನೇ ಮುಂದ್ ಇದ್ದೆ" ಎಂದರು. "ಒಡೆಯುಕೂ ನಾನೇ ಮುಂದ್ ಇರ್ಕ್. ನಾಳೆ ಹಾರೆ ತತ್ತೆ. ಹಗ್ಗ ನಿನ್ನ್ ಜಗಲಿಯಲ್ ಇಪ್ದೇ ಸಾಕ್."

"ಆಫೀಸಿನವ್ರ್ ಬಂದ್ ಕೇಂಡ್ರೆ?"

"ಕಂಬ ಅವ್ರದ್ದ್. ಕಟ್ಟೆ ನಮ್ದಲ್ದಾ?"

ಇದರಲ್ಲಿ ಕಾನೂನಿನ ತೊಡಕೇನಾದರೂ ಇದ್ದರೆ ದಯವಿಟ್ಟು ನೀವೇ ಬಂದು ತಿಳಿಸಬೇಕು. ಪೊಲೀಸರನ್ನು ಕರೆತಂದರೂ ಅಡ್ಡಿಯಿಲ್ಲ, ಹಗ್ಗ ಹಿಡಿಯಲು ಜನ ಬೇಕು.

ನಾನು ಕೇಳುವುದು ಹೆಚ್ಚೇನಲ್ಲ. ಪರಿಹಾರದ ವಿಷಯ ಇದರಲ್ಲಿ ಎತ್ತುವುದಿಲ್ಲ, ಅದಕ್ಕೂ ಇದಕ್ಕೂ ಬೆರೆಸಬೇಡಿ. ಆ ಒಂದು ಸಾಲನ್ನು ಹೊಡೆದು ಹಾಕಿ. ಅದರ ಜಾಗದಲ್ಲಿ, ಅವನು ತಟ್ಟಿ ನೋಡಿದ್ದ, ಕಂಬ ತಟ್ಟಿದ ಜಾಗದ ಕೆಳಗೆ ಕೊಳೆತಿತ್ತು, ಅದನ್ನು ಹದಿನೈದು ವರ್ಷ ಯಾರೂ ನೋಡಲಿಲ್ಲ ಎಂದು ಬರೆಯಿರಿ. ನಮ್ಮ ಕೇರಿಯವರು ತಿಳಿಯದೆ ಕಟ್ಟೆ ಕಟ್ಟಿದರು ಎಂದೂ ಬರೆಯಿರಿ, ನಾವು ಒಪ್ಪಿಕೊಳ್ಳುತ್ತೇವೆ. ಬೈಂದೂರಿನಿಂದ ಬ್ರಹ್ಮಾವರದ ತನಕ ಕಡಲ ಬದಿಯಲ್ಲಿ ಇಂಥ ಕಂಬ ಎಲ್ಲೆಲ್ಲಿ ಇದೆಯೋ, ಯಾವ ಒಳ್ಳೆಯ ಮನಸ್ಸಿನವರು ಎಲ್ಲೆಲ್ಲಿ ಕಟ್ಟೆ ಕಟ್ಟಿದ್ದಾರೋ, ಅಲ್ಲೆಲ್ಲ ಬುಡ ಅಗೆದು ನೋಡುವ ತನಕ, ಮೂರು ಕಡೆ ಹಗ್ಗ ಕಟ್ಟುವ ತನಕ, ಯಾರನ್ನೂ ಹತ್ತಿಸಬೇಡಿ. ಮತ್ತು ನಾಳೆ ಬೆಳಿಗ್ಗೆ ನೀವೇ ನಮ್ಮ ಬಯಲಿಗೆ ಬನ್ನಿ. ಕಟ್ಟೆ ಒಡೆದ ಮೇಲೆ ಮೊದಲು ಕೈ ಹಾಕಿ ನೋಡುವುದು ನೀವಾಗಬೇಕು. ಕೈ ತೊಳೆಯಲು ನೀರು, ಸಾಬೂನು ನಾನು ಇಡುತ್ತೇನೆ. ವಾಸನೆ ಹೋಗುವುದಕ್ಕೆ ಕೆಲವು ದಿನ ಬೇಕು.

ಈ ಪತ್ರವನ್ನು ಪತ್ರಿಕೆಗೂ ಕಳುಹಿಸುತ್ತಿದ್ದೇನೆ. ಅವರು ಹಾಕುವಷ್ಟರಲ್ಲಿ ನಾಳೆ ಕಳೆದಿರುತ್ತದೆ. ಅದಕ್ಕಾಗಿ ಪಕ್ಕದ ಮನೆಯ ಸಚಿನ್ ಇದರ ಫೋಟೋ ತೆಗೆದು ಊರಿನ ವಾಟ್ಸಾಪಿಗೂ ನಿಮ್ಮ ಕಚೇರಿಯ ನಂಬರಿಗೂ ಹಾಕುತ್ತಾನೆ. ಒಂದು ಪ್ರತಿಯನ್ನು ಬಯಲಿನ ಕಂಬಕ್ಕೆ ಅಂಟಿಸುತ್ತೇವೆ. ನಮ್ಮಲ್ಲಿ ಎಲ್ಲವನ್ನೂ ಅಂಟಿಸುವುದು ಕಂಬಕ್ಕೇ.

ಇಂತಿ,
ನಿಮ್ಮ ವರದಿಯ ಪ್ರಕಾರ ಏನನ್ನೂ ಕೇಳಿಸಿಕೊಳ್ಳದವಳು,
ಸರೋಜ
ಬೀಜಾಡಿ

ನಾಳೆ ಬುಧವಾರ. ಎಂಟು ಗಂಟೆಗೆ ಚಂದಣ್ಣ ಹಾರೆ ತರುತ್ತಾರೆ. ಒಂಬತ್ತಕ್ಕೆ ಕರೆಂಟು ತೆಗೆಯುತ್ತಾರೆ, ರತೀಶ ಬರುತ್ತಾನೆ.